ಕಿತ್ತಯ್ಯನ ಕೈ

ಬಾಳೂರಿನ ಮೇಲಿನ ಎಸ್ಟೇಟಿನಲ್ಲಿ ಆ ವರ್ಷ ಗಟ್ಟಿಮುಟ್ಟಾದ ಕಾಫಿ ಗಿಡಗಳಿಗೆ ಕೆಂಪು ಪಟ್ಟಿ ಕಟ್ಟಿ, ಅವನ್ನು ಬೇರುಸಮೇತ ಕೀಳಿಸಿದವಳು ನಾನು. ಚಿನ್ನಪ್ಪ ಮೇಸ್ತ್ರಿ ಅಲ್ಲ. ಅವರು ತೋರಿಸಿದ ಗಿಡಕ್ಕೇ ಕಟ್ಟಿದೆ ಎಂದು ಅಷ್ಟು ಜನರ ಮುಂದೆ ನಾನು ಹೇಳಿದ್ದು ಸುಳ್ಳು. ಇದು ನನ್ನ ಮೊದಲನೆಯ ತಪ್ಪು.

ಎರಡನೆಯದು ಕಿತ್ತಯ್ಯ. ನಮ್ಮ ಕಡೆಯ ಮಕ್ಕಳಿಗೆ ಅವನು ಗೊತ್ತು. ಕಂಪ್ಯೂಟರ್ ಆಟದಲ್ಲಿ ಬೆನ್ನು ಬಗ್ಗಿಸಿ, ಬಲಗೈ ಮುಂದೆ ಚಾಚಿ, ಬೆರಳು ಮಡಚಿಕೊಂಡು ಗಿಡಗಳ ಸಾಲಿನಲ್ಲಿ ಬರುತ್ತಾನಲ್ಲ, ಆ ಖಳನಾಯಕ. ಮುಂದೆ ಅವನೇ ನಾಯಕನೂ ಆದ. ಅವನನ್ನು ಬರೆದವಳು ನಾನು. ಅವನು ಹೇಗೆ ಕೆಟ್ಟವನಾದ ಎಂಬ ಕತೆಯನ್ನು ಕಟ್ಟಿದವಳೂ ನಾನೇ. ಆ ಕತೆಯೂ ಸುಳ್ಳು.

ನಾನು ಪದವೀಧರೆ. ಎಸ್ಟೇಟಿನ ಆಳುಗಳ ಸಾಲುಮನೆ, ನಮ್ಮ ಕೂಲಿ ಲೈನಿನಲ್ಲಿ ಮೊದಲನೆಯವಳು. ಹುಡುಗರನ್ನೂ ಸೇರಿಸಿ ಮೊದಲನೆಯವಳು. ಈ ಮಾತನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಹೇಳುವಾಗ ದನಿ ಸ್ವಲ್ಪ ಏರುತ್ತದೆ, ಅದೂ ನನಗೆ ಗೊತ್ತು. ಕಪ್ಪು ಗೌನು ತೊಟ್ಟ ನನ್ನ ಫೋಟೋ ಮನೆಯ ಗೋಡೆಯ ಮೇಲಿದೆ, ದೇವರ ಪಟಕ್ಕಿಂತ ಒಂದು ಗೇಣು ಮೇಲೆ. ಅಮ್ಮನೇ ಮೊಳೆ ಹೊಡೆಸಿದ್ದು. ಆ ಫೋಟೋದ ಹಿಂದೆ ಏನಿದೆ ಎಂದು ಅಮ್ಮನಿಗೂ ಇವತ್ತಿನವರೆಗೆ ಹೇಳಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಮಾರ್ಚ್ ತಿಂಗಳು. ಕೊನೆಯ ವರ್ಷದ ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಿದ್ದರು. ನಾನು ಹಾಸ್ಟೆಲಿನಿಂದ ಊರಿಗೆ ಬಂದಿದ್ದೆ. ಕಾಫಿ ಕೊಯ್ಲು ಮುಗಿದಿತ್ತು. ಕಾಫಿ ಹೂ ಅರಳಿಸುವ ಹೂ ಮಳೆ ಇನ್ನೂ ಬಿದ್ದಿರಲಿಲ್ಲ. ಎಸ್ಟೇಟಿನಲ್ಲಿ ಬೋರರ್ ಗಿಡ ಹುಡುಕುವ ಕೆಲಸ ನಡೆಯುತ್ತಿತ್ತು.

ಬೋರರ್ ಎಂದರೆ ಕಾಂಡ ಕೊರೆಯುವ ಹುಳ. ಒಳಗೇ ಸುರಂಗ ತೋಡುತ್ತದೆ, ಹೊರಗೆ ಬೇಗ ಕಾಣುವುದಿಲ್ಲ. ತೊಗಟೆಯ ಮೇಲೆ ಸಣ್ಣ ಉಬ್ಬುಗೆರೆ ಏಳುತ್ತದೆ. ಅದು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. ಹಾಗಾಗಿ ಒಂದೊಂದು ಗಿಡದ ಬುಡದಲ್ಲೂ ಬಗ್ಗಿ, ಕಾಂಡವನ್ನು ಅಂಗೈಯಲ್ಲಿ ಹಿಡಿದು, ಕೆಳಗಿನಿಂದ ಮೇಲಕ್ಕೆ ಸವರಬೇಕು. ಗೆರೆ ಸಿಕ್ಕರೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಬೇಕು. ಹಿಂದೆ ಬರುವ ಗಂಡಾಳುಗಳು ಪಟ್ಟಿ ಕಟ್ಟಿದ ಗಿಡವನ್ನು ಕಿತ್ತು, ಸುಡಲು ಒಟ್ಟುತ್ತಾರೆ. ಅದಷ್ಟೇ ಕೆಲಸ. ಅದಷ್ಟೇ — ಆದರೆ ಸಾವಿರ ಸಲ ಬಗ್ಗಬೇಕು.

ನನ್ನನ್ನು ಆ ಕೆಲಸಕ್ಕೆ ಹಾಕಿದವರು ಆಳುಗಳ ಕೆಲಸ ನೋಡಿಕೊಳ್ಳುವ ಚಿನ್ನಪ್ಪ ಮೇಸ್ತ್ರಿ. ಲೈನಿನಲ್ಲಿ ನಮ್ಮದರಿಂದ ಮೂರನೇ ಮನೆ ಅವರದು. ನಾನು ಅವರನ್ನು ಮಾವ ಎನ್ನುತ್ತಿದ್ದೆ.

"ಓದೋ ಹುಡ್ಗಿ, ಕತ್ತಿ ಹಿಡ್ದು ಎಂತ ಮಾಡ್ತೀಯ. ಬೋರರ್ ನೋಡು ಬಾ. ನೆರಳಿನ ಕೆಲ್ಸ. ಮಧ್ಯೆ ಮಧ್ಯೆ ಪುಸ್ತಕ ನೋಡ್ಕೊ, ನಾ ಎಂತದೂ ಹೇಳಲ್ಲ" ಎಂದಿದ್ದರು. ಮೊದಲ ದಿನ ನನ್ನ ಕೈಯನ್ನು ಒಂದು ಕಾಂಡದ ಮೇಲಿಟ್ಟು, ಅದರ ಮೇಲೆ ತಮ್ಮ ಕೈ ಇಟ್ಟು ಸವರಿ ತೋರಿಸಿದರು. "ಸಿಕ್ತಾ? ಎಲೆ ನೋಡ್ಬೇಡ ಲಲ್ತಾ. ಈಗ ಎಲ್ಲ ಗಿಡವೂ ಹಳದಿನೇ. ಫಸಲು ಕೊಟ್ಟು ಸುಸ್ತಾಗಿದೆ, ನೀರಿಲ್ಲ. ಎಲೆ ಸುಳ್ಳು ಹೇಳ್ತದೆ. ಕೈ ಹೇಳಲ್ಲ."

ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ನಡೆಯುವಾಗಲೂ ಬಲಗೈ ಮುಂದೆ ಚಾಚಿಯೇ ಇರುತ್ತಿತ್ತು — ಬೆರಳು ಅರ್ಧ ಮಡಚಿ, ಮುಂದಿನ ಗಿಡದ ಕಾಂಡ ಈಗ ಕೈಗೆ ಬರುತ್ತದೆ ಎನ್ನುವ ಹಾಗೆ. ರಸ್ತೆಯಲ್ಲಿ, ಸಂತೆಯಲ್ಲಿ, ಗಿಡವೇ ಇಲ್ಲದ ಕಡೆಯೂ ಅವರ ಕೈ ಹಾಗೇ. ಲೈನಿನ ಹೆಂಗಸರು ನಗುತ್ತಿದ್ದರು: "ಮೇಸ್ತ್ರಿ ಮದುವೆ ದಿನ ಹೆಣ್ಣಿನ ಕೈಗೂ ಬೋರರ್ ಇದ್ಯಾ ಅಂತ ನೋಡಿದ್ರಂತೆ ಮಾರಾಯ್ತಿ."

ನಾನು ಎರಡು ದಿನ ಬಗ್ಗಿದೆ. ಮೂರನೇ ದಿನದಿಂದ ಬಗ್ಗಲಿಲ್ಲ.

ಅಮ್ಮನ ಹಳೆಯ ಕೆಂಪು ಸೀರೆ ಹರಿದ ಪಟ್ಟಿಗಳು ಸೊಂಟದಲ್ಲಿ, ಪುಸ್ತಕ ಎಡಗೈಯಲ್ಲಿ. ಓದುತ್ತ ಹೋಗುವುದು, ಹಳದಿ ಎಲೆ ಕಂಡ ಗಿಡಕ್ಕೆ ಪಟ್ಟಿ ಕಟ್ಟುವುದು. ಗಿಡ ಮುಟ್ಟುವ ಗೋಜಿಗೇ ಹೋಗಲಿಲ್ಲ. ಸಂಜೆ ಮೇಸ್ತ್ರಿ ಕೇಳುತ್ತಿದ್ದರು, "ಕೈ ಹಾಕಿ ನೋಡ್ದೆ ತಾನೆ?" ನಾನು ಹೂಂ ಎನ್ನುತ್ತಿದ್ದೆ. ಬೇರೆಯವರ ಸಾಲನ್ನು ಅವರು ಮತ್ತೊಮ್ಮೆ ತಾವೇ ಸವರಿ ನೋಡುತ್ತಿದ್ದರು. ನನ್ನ ಸಾಲನ್ನು ನೋಡಲಿಲ್ಲ. ಕಾಲೇಜು ಹುಡುಗಿ, ಹೇಳಿದರೆ ತಿಳಿಯುತ್ತದೆ ಎಂದು — ನಂಬಿದ್ದರು. ಅವರ ತಪ್ಪು ಏನಾದರೂ ಇದ್ದರೆ ಅದು ಇಷ್ಟೇ.

ನಾಲ್ಕು ದಿನಕ್ಕೆ ಮೇಲಿನ ಬ್ಲಾಕು ಬೋಳಾಯಿತು. ಫಸಲಿಗೆ ಹೆಸರಾದ ಬ್ಲಾಕು ಅದು. ಎಸ್ಟೇಟಿನ ಸಾಹುಕಾರರು ಜೀಪು ನಿಲ್ಲಿಸಿ ಇಳಿದು ನೋಡಿದರು. ಕಿತ್ತ ಗಿಡಗಳಲ್ಲಿ ಒಂದಷ್ಟನ್ನು ಕಾಫಿ ಒಣಗಿಸುವ ಕಣಕ್ಕೆ ತರಿಸಿ, ಕೊಡಲಿಯಿಂದ ಉದ್ದಕ್ಕೆ ಸೀಳಿಸಿದರು. ಮಧ್ಯಾಹ್ನದ ಬಿಸಿಲು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಆಳುಗಳು, ನನ್ನ ಅಪ್ಪ, ಅಮ್ಮ, ಎಲ್ಲರೂ ಸುತ್ತ ನಿಂತಿದ್ದರು. ಕಾಂಡ ಸೀಳಿದರೆ ಒಳಗೆ ಬಿಳಿ. ಸುರಂಗವಿಲ್ಲ, ಪುಡಿಯಿಲ್ಲ. ಇನ್ನೊಂದು ಸೀಳಿದರು. ಬಿಳಿ. ಮತ್ತೊಂದು — 

"ಎಲ್ಲಿ ಹುಳ?" ಎಂದರು ಸಾಹುಕಾರರು. "ಚಿನ್ನಪ್ಪಾ, ಎಲ್ಲಿ ಹುಳ ತೋರ್ಸು."

ಮೇಸ್ತ್ರಿ ಕುಕ್ಕರಗಾಲಿನಲ್ಲಿ ಕೂತು ಸೀಳಿದ ಆ ಬಿಳಿ ಕಾಂಡವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ನಾನೇ ಹೇಳುತ್ತೇನೆ ಎಂದು ಕಾದರು.

ಸಾಹುಕಾರರೂ ನನ್ನತ್ತ ತಿರುಗಿದರು. "ಪಟ್ಟಿ ಕಟ್ಟಿದ್ದು ನೀನಲ್ವಾ?"

"ಮೇಸ್ತ್ರಿಯವ್ರು ತೋರ್ಸಿದ ಗಿಡಕ್ಕೇ ಕಟ್ಟಿದ್ದು ಸರ್" ಎಂದೆ.

ಆ ಹೊತ್ತಿನಲ್ಲಿ ನನಗೆ ಏನೇನು ಭಯವಿತ್ತು ಎಂದು ಬರೆಯಬಹುದು. ಹಾಸ್ಟೆಲ್ ಸೀಟಿಗೆ ಪತ್ರ ಕೊಟ್ಟವರು ಸಾಹುಕಾರರೇ, ಲೈನಿನ ಮನೆ ಅವರದೇ — ಬೇಡ. ವರ್ಷಗಟ್ಟಲೆ ನನಗೆ ನಾನೇ ಅದನ್ನು ಹೇಳಿಕೊಂಡಿದ್ದೇನೆ. ಇಲ್ಲಿ ಹೇಳುವುದಿಲ್ಲ.

ಮೇಸ್ತ್ರಿ ಎದ್ದು ನಿಂತರು. "ಇಲ್ಲ ಸಾಹುಕಾರ್ರೇ. ಹುಡುಗಿ ಸುಳ್ಳು ಹೇಳ್ತಾ ಇದೆ. ನಾನು ಆ ಸಾಲಿಗೆ ಹೋಗೇ ಇಲ್ಲ."

ಯಾರೂ ನಂಬಲಿಲ್ಲ. ಹಿಂದಿನ ಮಳೆಗಾಲಕ್ಕೆ ಮೊದಲು ಅವರು ಲೈನಿನ ಮನೆಗಳ ಹೆಂಚು ಬದಲಾಯಿಸಿ ಎಂದು ಸಾಹುಕಾರರ ಹತ್ತಿರ ಜೋರು ಮಾತಾಡಿದ್ದರು. ಸೋರುತ್ತಿದ್ದ ಮನೆಗಳಲ್ಲಿ ನಮ್ಮದೂ ಒಂದು. ಆ ಹಗೆಗೇ ಗಿಡ ಕೀಳಿಸಿದ್ದಾರೆ ಎಂದು ರೈಟರು ಹೇಳಿದರು. ಆಮೇಲೆ ಅದೇ ರೈಟರು, ನನ್ನ ಕೈಯಲ್ಲಿದ್ದ ಪುಸ್ತಕವನ್ನು ತೋರಿಸಿ, ನನ್ನ ಇಡೀ ಬದುಕಿಗೇ ಆಧಾರವಾದ ಆ ಮಾತು ಹೇಳಿದರು:

"ಡಿಗ್ರಿ ಓದೋ ಹುಡುಗಿ ಯಾಕೆ ಸುಳ್ಳು ಹೇಳ್ತಾಳೆ ಮಾರಾಯ?"

ಅಪ್ಪ ಎದೆ ಸ್ವಲ್ಪ ಮುಂದೆ ಮಾಡಿ ನಿಂತ. ನಾನು ನೋಡಿದೆ.

ಆಗ ಮೇಸ್ತ್ರಿಗೆ ಸಿಟ್ಟು ಬಂತು. ಬೆನ್ನು ಬಗ್ಗಿಸಿ ನನ್ನತ್ತ ಬಂದು, ಚಾಚಿದ ಕೈಯಿಂದ ನನ್ನ ಸೊಂಟದ ಕೆಂಪು ಪಟ್ಟಿಗಳ ಕಂತೆಯನ್ನು ಕಿತ್ತು ಕಣದ ತುಂಬ ಎಸೆದರು. "ಓದು. ಚೆನ್ನಾಗಿ ಓದು" ಎಂದರು. ಇಬ್ಬರು ಆಳುಗಳು ಅವರನ್ನು ಹಿಡಿದುಕೊಂಡರು. ನೋಡಿದವರಿಗೆಲ್ಲ ಅವರೇ ತಪ್ಪಿತಸ್ಥ ಎಂದು ಖಾತ್ರಿಯಾಯಿತು.

ಮರುದಿನ ಬೆಳಿಗ್ಗೆ ಅವರ ಪಾತ್ರೆಪಡಗ ಜೀಪಿನ ಹಿಂಬದಿಗೆ ಏರಿತು. ಬಣಕಲ್‌ನಲ್ಲಿ ಒಂದು ಕೋಣೆ ಹಿಡಿದರು. 'ಗಿಡ ಕಿತ್ತ ಮೇಸ್ತ್ರಿ' ಎಂಬ ಹೆಸರು ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಯಾವ ತೋಟದವರೂ ಮತ್ತೆ ಅವರಿಗೆ ಮೇಸ್ತ್ರಿ ಕೆಲಸ ಕೊಡಲಿಲ್ಲ. ಅವರ ಮಗಳು ಶಾರದ ಆಗ ಹೈಸ್ಕೂಲಿನಲ್ಲಿದ್ದಳು. ಆ ಜೂನ್‌ನಲ್ಲಿ ಶಾಲೆಗೆ ಹೋಗಲಿಲ್ಲ, ಕೂಲಿಗೆ ಹೋದಳು. ಲೆಕ್ಕದಲ್ಲಿ ನನಗಿಂತ ಜಾಣೆ. ಆ ಮನೆಯಲ್ಲೂ ಒಂದು ಕಪ್ಪು ಗೌನಿನ ಫೋಟೋ —

ಅದೇ ಜೂನ್‌ನಲ್ಲಿ ನಾನು ಪಾಸಾದೆ.

ಮುಂದೆ ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಕಲಿತೆ. ಕಲಿತ ಕಡೆಯೇ ಕಲಿಸುವ ಕೆಲಸ ಸಿಕ್ಕಿತು. ಉಮೇಶಣ್ಣ ಎಂಬವರು ತಮ್ಮ ಬಟ್ಟೆ ಅಂಗಡಿಯ ಮಹಡಿಯಲ್ಲಿ ನಡೆಸುತ್ತಿದ್ದ ಸಣ್ಣ ಕೇಂದ್ರ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಬೇಸಿಗೆ ಶಿಬಿರಕ್ಕೆ ಮಕ್ಕಳು ಬರಬೇಕಾದರೆ ಕನ್ನಡದಲ್ಲಿ ಒಂದು ಆಟ ಮಾಡಿ ಎಂದರು ಉಮೇಶಣ್ಣ. ನನಗೆ ಗೊತ್ತಿದ್ದದ್ದು ಕಾಫಿ ತೋಟ ಒಂದೇ. ಚೌಕುಳಿ ಹಾಳೆಯಲ್ಲಿ ಒಂದೊಂದು ಚೌಕಕ್ಕೂ ಬಣ್ಣ ತುಂಬಿ ಗಿಡ ಬರೆದೆ, ಬುಟ್ಟಿ ಬರೆದೆ. ತೋಟ ಕಾಯುವ ನಾಯಕಿಯನ್ನು ಬರೆದೆ. ಎರಡು ಜಡೆ, ಕೈಯಲ್ಲಿ ಪುಸ್ತಕ.

ಹೌದು. ನನ್ನನ್ನೇ ಬರೆದುಕೊಂಡೆ.

ಕಾಯಬೇಕಾದರೆ ಹಾಳು ಮಾಡುವವನೊಬ್ಬ ಬೇಕಲ್ಲ. ಕೈ ತಾನಾಗಿ ಹೋಯಿತು ಎಂದು ಹೇಳಲಾರೆ, ಗೊತ್ತಿದ್ದೇ ಬರೆದೆ. ಬಗ್ಗಿದ ಬೆನ್ನು. ಚಾಚಿದ ಬಲಗೈ, ಮಡಚಿದ ಬೆರಳು. ಸೊಂಟದಲ್ಲಿ ಕೆಂಪು ಪಟ್ಟಿ. ಅವನು ಪಟ್ಟಿ ಕಟ್ಟಿದ ಗಿಡ ಸಾಯುತ್ತದೆ. ಹುಡುಗಿ ಓಡಿಹೋಗಿ ಬಿಚ್ಚಬೇಕು. ಕಿತ್ತಯ್ಯ ಎಂದು ಹೆಸರಿಟ್ಟೆ. ಬರೆದು ಮುಗಿಸಿದಾಗ ಮನಸ್ಸು ಹಗುರಾಯಿತು. ಈ ಒಂದು ಮಾತು ಬರೆಯಲು ನನಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದೆ — ಆ ಮನುಷ್ಯ ನಿಜಕ್ಕೂ ಕೆಟ್ಟವನು ಎಂದು ಕಣ್ಣಾರೆ ನೋಡಿದ ಹಾಗಾಯಿತು. ಅವನು ಕೆಟ್ಟವನಾದರೆ ನಾನು ಹೇಳಿದ್ದು ಅಷ್ಟೇನೂ...

ಆದರೆ ಮಕ್ಕಳ ಲೆಕ್ಕ ಬೇರೆಯಾಗಿತ್ತು. ಶಿಬಿರ ಶುರುವಾಗಿ ವಾರಕ್ಕೆ ಉಮೇಶಣ್ಣ ನಗುತ್ತ ಬಂದರು.

"ಲಲಿತಾ ಮೇಡಂ, ನಿಮ್ಮ ಜಡೆ ಹುಡುಗಿನ ಯಾರೂ ಕೇಳ್ತಾ ಇಲ್ಲ ಮಾರಾಯ್ರೆ. ಎಲ್ಲರಿಗೂ ಕಿತ್ತಯ್ಯನೇ ಬೇಕು. ನಮ್ಮ ಅಂಗಡಿ ಮುಂದೆ ಹುಡುಗ್ರು ಕೈ ಹಿಂಗೆ ಚಾಚ್ಕೊಂಡು ಓಡಾಡ್ತಾವೆ. ಮುಂದಿನ ಆಟದಲ್ಲಿ ಅವನನ್ನೇ ಹೀರೋ ಮಾಡಿ."

"ಅವನು ಖಳನಾಯಕ, ಉಮೇಶಣ್ಣ."

"ಇರ್ಲಿ. ಯಾಕೆ ಹಂಗಾದ ಅಂತ ಒಂದು ಕತೆ ಹಾಕಿ. ಹುಟ್ಟುತ್ಲೇ ಯಾರು ಕಿತ್ತಯ್ಯ ಆಗಿರ್ತಾರೆ?"

ಕೇಳಿದರಲ್ಲ, ಅದೇ ಪ್ರಶ್ನೆ. ಯಾಕೆ ಹಾಗಾದ. ಇಡೀ ಜಿಲ್ಲೆಯಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವರು ಇಬ್ಬರೇ. ಒಬ್ಬಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ನಾನು ಎರಡು ದಿನ ಯೋಚಿಸಿ ಒಂದು ಕತೆ ಮಾಡಿದೆ: ಕಿತ್ತಯ್ಯ ಒಳ್ಳೆಯ ತೋಟಗಾರ. ಒಂದು ದಿನ ಮಾಯದ ಹುಳವೊಂದು ಅವನ ಕೈ ಕಚ್ಚುತ್ತದೆ. ಅಂದಿನಿಂದ ಆ ಕೈ ಮುಟ್ಟಿದ್ದನ್ನೆಲ್ಲ ಕೀಳುತ್ತದೆ. ಈಗ ಹುಳವನ್ನು ಹುಡುಕಿ ಕೊಂದು ಅವನು ತನ್ನ ಕೈಯನ್ನು ಸರಿಮಾಡಿಕೊಳ್ಳಬೇಕು. ಎಲ್ಲರೂ ಮೆಚ್ಚಿದರು. ಕತೆಯಲ್ಲಿ ಹುಡುಗಿ ಇರಲಿಲ್ಲ. ಅವಳನ್ನು ನಾನು ಜಾಣತನದಿಂದ ಆಟದಿಂದಲೇ ತೆಗೆದುಬಿಟ್ಟಿದ್ದೆ.

ಆ ಸಿ.ಡಿ. ಮೂಡಿಗೆರೆಗೆ ಹೋಯಿತು, ಕಳಸಕ್ಕೆ ಹೋಯಿತು, ಕಂಪ್ಯೂಟರ್ ಬಂದ ಶಾಲೆಗಳಿಗೆಲ್ಲ ಹೋಯಿತು. ಬಣಕಲ್ ಹತ್ತಿರದ ಒಂದು ಶಾಲೆಗೆ ಅದನ್ನು ಹಾಕಿಕೊಡಲು ನಾನೇ ಹೋದೆ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಒಂದು ಸಣ್ಣ ಹುಡುಗಿ ಕಿಟಕಿಯ ಹೊರಗೆ ತಿರುಗಿ ಕೂಗಿದಳು: "ಅಜ್ಜಾ, ಬಾ ಬಾ! ಇಂವ ನಿನ್ನ ಹಾಗೇ ನಡೀತಾನೆ!"

ಶಾಲೆಯ ಅಂಗಳದ ಕಳೆ ಸವರುತ್ತಿದ್ದ ಮುದುಕ ಕತ್ತಿ ಕೆಳಗಿಟ್ಟು ಬಂದ. ಬಲಗೈ ಮುಂದೆ ಚಾಚಿತ್ತು. ಬಾಗಿಲ ಹತ್ತಿರ ಬಂದಾಗ ಆ ಕೈ ಬಾಗಿಲ ಚೌಕಟ್ಟನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ಸವರಿತು. ನನಗೆ ಮುಖ ನೋಡಬೇಕಾಗಿರಲಿಲ್ಲ.

ಚಿನ್ನಪ್ಪ ಮೇಸ್ತ್ರಿ ಮಕ್ಕಳ ಹಿಂದೆ ನಿಂತು ಇಡೀ ಕತೆ ನೋಡಿದರು. ಕಿತ್ತಯ್ಯ ನಡೆದದ್ದು, ಹುಳ ಕಚ್ಚಿದ್ದು, ಕೈ ಕೆಂಪಾದದ್ದು. ಮೊಮ್ಮಗಳು, ಶಾರದಳ ಮಗಳು, ಅವರ ಅಂಗಿ ಎಳೆಯುತ್ತ ಒಂದೊಂದನ್ನೂ ವಿವರಿಸಿದಳು: "ಪಾಪ ಅಜ್ಜ, ಇಂವ ಒಳ್ಳೇಂವ. ಹುಳ ಕಚ್ಚಿ ಹಿಂಗಾಗಿದ್ದು."

"ಹೌದಾ" ಎಂದರು. ಆಮೇಲೆ ನನ್ನನ್ನು ನೋಡಿದರು. ಕಣದಲ್ಲಿ ಕಾದ ಹಾಗೆಯೇ ಸ್ವಲ್ಪ ಹೊತ್ತು ಕಾದರು. ನಾನು — ಆಗಲೂ — ಬಾಯಿ ಬಿಡಲಿಲ್ಲ.

"ಹುಳ ಇರ್ಲಿಲ್ಲ ಅಲ್ವಾ, ಲಲ್ತಾ" ಎಂದರು ಮೆಲ್ಲಗೆ. "ಗಿಡದಲ್ಲೂ ಇರ್ಲಿಲ್ಲ."

ಹೊರಗೆ ಹೋಗಿ ಕತ್ತಿ ಎತ್ತಿಕೊಂಡರು. ಕಳೆ ಸವರುವ ಸದ್ದು ನಾನು ಬಸ್ಸು ಹತ್ತಲು ಹೊರಡುವವರೆಗೂ ಕೇಳುತ್ತಿತ್ತು.

ಅದಾಗಿ ಹನ್ನೊಂದು ದಿನಕ್ಕೆ ಅವರ ಮನೆಗೆ ಹೋದೆ. ಹನ್ನೊಂದು ದಿನ ಯಾಕೆ ಬೇಕಾಯಿತು ಎಂದರೆ, ಹೆದರಿಕೆ. ಶಾರದ ಬಾಗಿಲು ತೆಗೆದಳು. "ಬಾ ಅಕ್ಕ" ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ! ಅಂದು ಮಧ್ಯಾಹ್ನ ಅವಳು ಶಾಲೆಯಲ್ಲಿದ್ದಳು, ಆಮೇಲೆ ಅವಳ ಅಪ್ಪ ಮನೆಯಲ್ಲಿ ನನ್ನ ಹೆಸರನ್ನೇ ಎತ್ತಿರಲಿಲ್ಲ. ಅವಳ ಎದುರಿಗೇ ಎಲ್ಲ ಹೇಳಿದೆ. ಎಲೆ ನೋಡಿ ಕಟ್ಟಿದ್ದು, ಸುಳ್ಳು ಹೇಳಿದ್ದು, ಕಿತ್ತಯ್ಯನನ್ನು ಬರೆದದ್ದು. ಶಾರದ ತಾನೇ ಕೊಟ್ಟಿದ್ದ ಕಾಫಿ ಲೋಟವನ್ನು ನನ್ನ ಮುಂದಿನಿಂದ ವಾಪಸು ತೆಗೆದುಕೊಂಡು ಒಳಗೆ ಹೋದಳು. ಸರಿಯಾಗಿಯೇ ಮಾಡಿದಳು.

ಮೇಸ್ತ್ರಿ ಜಗಲಿಯಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ನಂಗೆ ಯಾಕೆ ಹೇಳ್ತೀಯ? ನಂಗೆ ಗೊತ್ತಿತ್ತಲ್ಲ" ಎಂದರು. "ಗೊತ್ತಿಲ್ದೋರಿಗೆ ಹೇಳು."

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಎದ್ದು ಹೊರಡುವಾಗ ಒಂದು ಮಾತು ಮಾತ್ರ ಕೇಳಿದರು, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ: "ಆ ಆಟದಲ್ಲಿ ಅವನ ಕೈ ಯಾಕೆ ಹಂಗೆ ಅಂತ ಮಕ್ಕಳಿಗೆ ಹೇಳಿದ್ದೀಯಾ?"

ಹೇಳಿರಲಿಲ್ಲ. ಗಿಡ ಹಿಡಿದು ನೋಡುವ ಕೈಯನ್ನು ನಾನು ಗಿಡ ಕೀಳುವ ಕೈ ಮಾಡಿದ್ದೆ.

ಹಾಗಾಗಿ ಗೊತ್ತಿಲ್ಲದವರಿಗೆ ಹೇಳುತ್ತಿದ್ದೇನೆ. ಇದು ಅಚ್ಚಾಗುವ ಪತ್ರಿಕೆ ಬಣಕಲ್ ಬಸ್ ನಿಲ್ದಾಣದ ಕ್ಷೌರದಂಗಡಿಗೆ ಹೋಗುತ್ತದೆ. ಗಿಡ ಕಿತ್ತ ಮೇಸ್ತ್ರಿ ಎಂಬ ಹೆಸರು ಈಗಲೂ ಓಡಾಡುತ್ತಿರುವುದು ಅಲ್ಲೇ. ಅಲ್ಲಿ ಕೂತು ಓದುವವರು ದಯವಿಟ್ಟು ಪಕ್ಕದವರಿಗೂ ಕೇಳುವ ಹಾಗೆ ಓದಿ. ಗಿಡ ಕೀಳಿಸಿದವಳು ಲಲಿತಾ, ಬಿ.ಎಸ್ಸಿ. ಪದವಿಯ ಹೆಸರನ್ನೂ ಸೇರಿಸಿಯೇ ಹೇಳಿ. ಅಂದು ಆ ಸುಳ್ಳನ್ನು ಎಲ್ಲರೂ ನಂಬುವಂತೆ ಮಾಡಿದ್ದು ಅದೇ.

ಉಮೇಶಣ್ಣನಿಗೆ ಹೇಳಿದ್ದೇನೆ. ಹಳೆಯ ಕತೆ ತೆಗೆದು ಹೊಸ ಸಿ.ಡಿ. ಮಾಡುತ್ತೇವೆ. ಅವರು "ಹುಳ ಇದ್ರೇ ಮಕ್ಕಳಿಗೆ ಇಷ್ಟ ಮೇಡಂ" ಎಂದರು. ಇರಬಹುದು. ಹೊಸದರಲ್ಲಿ ಹುಳವಿಲ್ಲ. ಶುರುವಿನಲ್ಲಿ ಎರಡು ಜಡೆಯ ಹುಡುಗಿ ಪುಸ್ತಕ ಓದುತ್ತ, ಗಿಡ ಮುಟ್ಟದೆ ಪಟ್ಟಿ ಕಟ್ಟುತ್ತ ಹೋಗುತ್ತಾಳೆ. ಅವಳ ಹೆಸರು ಲಲಿತಾ. ಎಲ್ಲಿ ಹುಳ ಎಂದು ಕೇಳಿದಾಗ ಅವಳು ಮೇಸ್ತ್ರಿಯತ್ತ ಬೆರಳು ತೋರಿಸುತ್ತಾಳೆ. ಅಲ್ಲಿಂದ ಆಟ ಮೇಸ್ತ್ರಿಯದು. ಮಗು ಒಂದೊಂದು ಗಿಡದ ಹತ್ತಿರವೂ ನಿಂತು, ಬಗ್ಗಿ, ಕಾಂಡ ಸವರಿ ನೋಡಬೇಕು. ಓಡಿದರೆ ಆಟ ಮುಂದೆ ಹೋಗುವುದಿಲ್ಲ. ಮಕ್ಕಳಿಗೆ ಬೇಜಾರಾಗುತ್ತದೆ. ಆಗಲಿ. ಅದು ಬೇಜಾರಿನ ಕೆಲಸವೇ. ಆ ಮನುಷ್ಯ ನಲವತ್ತು ವರ್ಷ ಮಾಡಿದರು, ನಾನು ಎರಡು ದಿನ ಮಾಡಿದೆ.

ಅಮ್ಮನಿಗೆ ಇವತ್ತು ಸಂಜೆ ಹೇಳುತ್ತೇನೆ. ಫೋಟೋ ಕೆಳಗಿಳಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು.

ನಾಳೆ ಬೆಳಿಗ್ಗೆ ಆಳುಗಳ ಹಾಜರಿ ಕೂಗುವ ಹೊತ್ತಿಗೆ ನಾನು ಬಾಳೂರಿನ ಆ ಕಣದಲ್ಲಿರುತ್ತೇನೆ. ಸಾಹುಕಾರರಿಗೆ ವಯಸ್ಸಾಗಿದೆ, ಆದರೂ ಹಾಜರಿಗೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ. ರೈಟರು ಎಲ್ಲರ ಹೆಸರು ಕೂಗಿ ಮುಗಿಸಲಿ. ಆಮೇಲೆ, ನನ್ನನ್ನು ಯಾರೂ ಕರೆಯದಿದ್ದರೂ, ಅಂದು ನಿಂತಿದ್ದ ಜಾಗದಲ್ಲೇ ನಿಂತು ನಾನು ಹೇಳಬೇಕಾಗಿದ್ದ ಮಾತನ್ನು ಹೇಳುತ್ತೇನೆ: ಮೇಸ್ತ್ರಿ ಆ ಸಾಲಿಗೆ ಬಂದೇ ಇರಲಿಲ್ಲ. ನಾನು ಗಿಡಕ್ಕೆ ಕೈ ಹಾಕಿ ನೋಡಿರಲಿಲ್ಲ.